ತುಂಗಕ್ಕ ಇಲ್ಲದ ಪುಸ್ತಕ

ಕೋವಿಡ್ ಕಳೆದು, ಜನ ಮತ್ತೆ ಮುಖಕ್ಕೆ ಬಟ್ಟೆ ಕಟ್ಟದೆ ಮದುವೆ, ಸಭೆಗಳಿಗೆ ಹೋಗತೊಡಗಿದ್ದ ವರ್ಷ. ಫೆಬ್ರವರಿಯ ಕೊನೆಯ ಒಂದು ಬುಧವಾರ. ಬೆಳಿಗ್ಗೆ ಎದ್ದು ಪಂಪಿನ ಸ್ವಿಚ್ ಹಾಕಿದೆ. ಕುಚ್ಚಲಕ್ಕಿ ತೊಳೆದು ಒಲೆಗೆ ಏರಿಸಿದೆ. ನೀರುದೋಸೆಯ ಹಿಟ್ಟು ತುಸು ದಪ್ಪವಾಗಿತ್ತು, ಒಂದು ಸೌಟು ನೀರು ಹೊಯ್ದೆ. ಯಜಮಾನರು ಸಹಕಾರಿ ಸಂಘದ ಕೆಲಸಕ್ಕೆ ಹೊರಟಾಗ ಬುತ್ತಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ ಕೊಟ್ಟೆ. ಬಟ್ಟೆ ಒಣಗಿಸಲು ಅಂಗಳಕ್ಕೆ ಇಳಿದರೆ ಗೋಡೆಯಾಚೆ ನೆರೆಮನೆಯ ಜಯಂತಿ ಬಸಳೆ ಕೊಯ್ಯುತ್ತಿದ್ದಳು.

"ಎಂತ, ಇವತ್ತು ಬೇಗ ಬೇಗ?" ಎಂದಳು.

"ಕೋಡಿಂಬಾಳಕ್ಕೆ ಹೋಗುದುಂಟು. ಪುಸ್ತಕದ ಕೆಲಸ."

"ಓ, ತುಂಗಕ್ಕನ ಪುಸ್ತಕವಾ? ನೀವು ಕೊಟ್ಟದ್ದು ನಾನಿನ್ನೂ ಅರ್ಧ ಓದಿದ್ದಷ್ಟೆ. ಅವಸರ ಇಲ್ವಲ್ಲ?"

ಅವಸರ ಇಲ್ಲವೆಂದೆ. ಆದರೆ ಆ ಪುಸ್ತಕ ತುಂಗಕ್ಕನದಾಗಿರಲಿಲ್ಲ. ತುಂಗಕ್ಕ ಅದರಲ್ಲಿ ಒಂದು ಸಾಲಿನಲ್ಲಿಯೂ ಇರಲಿಲ್ಲ. ಇಲ್ಲದಂತೆ ಮಾಡಿದವಳು ನಾನೇ. ಜಯಂತಿಗೆ ಅದನ್ನೆಲ್ಲ ಬಿಡಿಸಿ ಹೇಳುತ್ತಾ ನಿಂತರೆ ಕಡಬದ ಬಸ್ಸು ತಪ್ಪುತ್ತದೆಂದು ಒಳಗೆ ಬಂದೆ.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಪುತ್ತೂರಿನ ಒಂದು ಸಣ್ಣ ಮುದ್ರಣಾಲಯಕ್ಕೆ ನಾನು ಮನೆಯಲ್ಲೇ ಕೂತು ಕರಡು ತಿದ್ದಿಕೊಡುತ್ತಿದ್ದೆ. ಅಚ್ಚಿಗೆ ಹೋಗುವ ಮೊದಲು ತೆಗೆಯುವ ಪ್ರತಿಗೆ ಕರಡು ಎನ್ನುತ್ತಾರೆ, ಪ್ರೆಸ್ಸಿನಲ್ಲಿ ಪ್ರೂಫ್ ಎನ್ನುವುದೇ ರೂಢಿ. ಅದರಲ್ಲಿ ಬಿಟ್ಟುಹೋದ ಅಕ್ಷರ, ಎರಡು ಸಲ ಬಿದ್ದ ಪದ, ಒತ್ತು ಕಳೆದುಕೊಂಡ ವ್ಯಂಜನ ಇವನ್ನು ಹುಡುಕಿ ಗುರುತು ಹಾಕುವುದು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಕಳೆಯಲೆಂದು ಹಿಡಿದ ಕೆಲಸ, ಬರಬರುತ್ತಾ ಟೈಪಿಂಗ್, ಪುಟ ಜೋಡಿಸುವುದು ಎಲ್ಲ ಸೇರಿಕೊಂಡಿತು.

ಕಲಿತದ್ದು ಕಾನ್ವೆಂಟಿನಲ್ಲಿ. ನಮಗೆ ಓದಿಸುತ್ತಿದ್ದ ಸಿಸ್ಟರ್ ಸಾಲಿನ ಕೆಳಗೆ ಮರದ ಸ್ಕೇಲ್ ಇಡಿಸುತ್ತಿದ್ದರು. ಸ್ಕೇಲ್ ನಿಂತಲ್ಲೇ ಕಣ್ಣೂ ನಿಲ್ಲಬೇಕು. "ನೀನು ಓದುತ್ತಾ ಇಲ್ಲ, ಊಹೆ ಮಾಡುತ್ತಾ ಇದ್ದೀ" ಎಂದು ಅವರು ನನ್ನ ಬೆರಳಿಗೆ ಮೆಲ್ಲಗೆ ತಟ್ಟುತ್ತಿದ್ದರು. ಕರಡು ತಿದ್ದಲು ಕೂತ ಮೇಲೆ ಆ ಮಾತಿನ ಅರ್ಥ ತಿಳಿಯಿತು. ಪರಿಚಯದ ಪದವಾದರೆ ನಡುವಿನ ಒಂದು ಅಕ್ಷರ ಬಿದ್ದುಹೋಗಿದ್ದರೂ ಕಣ್ಣು ಅದನ್ನು ತಾನೇ ತುಂಬಿಸಿಕೊಂಡು ಮುಂದೆ ಹೋಗುತ್ತದೆ. ಹಾಗಾಗಿ ನಾನು ಈಗಲೂ ಸ್ಕೇಲ್ ಇಟ್ಟೇ ಓದುವುದು. ಮನೆಯಲ್ಲಿ ಎಲ್ಲರೂ ನಗಾಡುತ್ತಾರೆ.

ಕೋಡಿಂಬಾಳದ ಪರಮೇಶ್ವರಯ್ಯನವರ ಪುಸ್ತಕಗಳು ನಮ್ಮ ಪ್ರೆಸ್ಸಿಗೆ ಬರುತ್ತಿದ್ದವು. ಅವರು ಸರಕಾರಿ ಸರ್ವೆಯರ್ ಆಗಿ ನಿವೃತ್ತರಾದವರು. ಅಳತೆಯ ಚೈನು ಹಿಡಿದು ಪುತ್ತೂರು, ಸುಳ್ಯದ ಊರೂರು ಅಳೆದವರಿಗೆ ಜನರ ಬೇಲಿ ಜಗಳ, ದಾರಿ ಜಗಳ, ಒಂದು ಗೇರುಮರ ಯಾರ ಕಡೆಗೆ ಬಗ್ಗಿದೆ ಎಂಬ ತಕರಾರು ಎಲ್ಲ ಕೈಯ ಗೆರೆಯ ಹಾಗೆ ಗೊತ್ತಿತ್ತು. ಅದನ್ನೆಲ್ಲ ವಾರಪತ್ರಿಕೆಯೊಂದರಲ್ಲಿ ವಿಡಂಬನೆಯಾಗಿ ಬರೆಯುತ್ತಾ ಬಂದರು. ದೊಡ್ಡವರ ಕಾಲೆಳೆಯುವುದು ಅವರ ಕಸುಬು. ಎಳೆಸಿಕೊಂಡವರೇ ಮೊದಲು ಪುಸ್ತಕ ಕೊಳ್ಳುತ್ತಿದ್ದರು.

ಆ ಬರಹಗಳಲ್ಲಿ ತುಂಗಕ್ಕ ಬಂದದ್ದು ಹೇಗೆ ಎಂಬುದನ್ನು ಅವರೇ ನನಗೆ ಹೇಳಿದ್ದರು. ಶುರುವಿಗೆ ಲೇಖನದಲ್ಲಿ "ನನ್ನ ಮನೆಯವಳು" ಎಂದಷ್ಟೇ ಇರುತ್ತಿತ್ತು. ಹೆಂಗಸಿಗೊಂದು ಹೆಸರು ಬೇಕು ಎಂದರಂತೆ ಸಂಪಾದಕರು. ನಮ್ಮ ಕಡೆಯ ಹಿಂದಿನವರಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದಿಲ್ಲ. ಗಂಡ ಕರೆಯುವುದು "ಕೇಳಿತಾ", ಹೆಂಡತಿ ಓಗೊಡುವುದು "ಎಂತ". ಬಾಯಲ್ಲಿ ಹೇಳದ ಹೆಸರನ್ನು ಊರೆಲ್ಲ ಓದುವ ಪತ್ರಿಕೆಯಲ್ಲಿ ಹಾಕುವುದು ಹೇಗೆ? ಅದು ಮರ್ಯಾದೆಯಲ್ಲ ಎಂದುಕೊಂಡು ತುಂಗಕ್ಕ ಎಂಬ ಹೆಸರು ಕಟ್ಟಿದರು. ತುಂಗಕ್ಕನಿಗೆ ಪಾಯಸದ ಆಸೆ, ಎಲ್ಲ ಸುದ್ದಿಯೂ ಬೇಕು, ಗಂಡನ ದೊಡ್ಡ ದೊಡ್ಡ ಮಾತುಗಳಿಗೆ ಬಾಗಿಲ ಹಿಂದಿನಿಂದ ಸೂಜಿಯಂಥ ಒಂದು ಮಾತು. ಲೇಖನದ ಕೊನೆಗೆ ಅವಳದೊಂದು ಮಾತು ಬಂದರೇ ಓದುಗರಿಗೆ ತೃಪ್ತಿ. ಬಸ್ಸಿನ ಕಂಡಕ್ಟರುಗಳೂ ಆ ಮನೆಯನ್ನು ತುಂಗಕ್ಕನ ಮನೆ ಎನ್ನುತ್ತಿದ್ದರು.

ಮನೆಯಲ್ಲಿದ್ದ ಅವರ ನಿಜವಾದ ಹೆಂಡತಿಯ ಹೆಸರು ನನಗೂ ತಿಳಿದಿರಲಿಲ್ಲ. ಅಕ್ಕ ಎಂದೇ ಕರೆಯುತ್ತಿದ್ದೆ. ಮಾತು ಬಹಳ ಕಡಿಮೆ. ಪಾಯಸ ತಿನ್ನುವವರೂ ಅಲ್ಲ, ಅವರಿಗೆ ಸಕ್ಕರೆ ಕಾಯಿಲೆ. ಕನ್ನಡಕದ ಒಂದು ಕಾಲು ಮುರಿದಲ್ಲಿ ಕಪ್ಪು ನೂಲು ಸುತ್ತಿ, ಆ ನೂಲಿನ ತುದಿಯನ್ನು ಕಾಣದ ಹಾಗೆ ಒಳಗೆ ಸಿಕ್ಕಿಸಿದ್ದರು. ಹಾಗೆ ಸಿಕ್ಕಿಸಲು ಎಷ್ಟು ತಾಳ್ಮೆ ಬೇಕೆಂದು ನಾನು ಪ್ರತಿ ಸಲವೂ ನೋಡುತ್ತಿದ್ದೆ.

ಕೊನೆಯ ಪುಸ್ತಕದ ಹೊತ್ತಿಗೆ ಪರಮೇಶ್ವರಯ್ಯನವರ ಕೈ ನಡುಗುತ್ತಿತ್ತು. ಪತ್ರಿಕೆಗೆ ಕಳಿಸದೆ ನೇರವಾಗಿ ಪುಸ್ತಕಕ್ಕೆಂದೇ ಅವರು ಹೇಳುತ್ತಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ಇನ್ನು ಬರೆಯುವುದಿಲ್ಲ ಎಂದು ನಿಶ್ಚಯಿಸಿ ಪುಸ್ತಕಕ್ಕೆ 'ಅಳತೆ ಮುಗಿಯಿತು' ಎಂದು ಹೆಸರಿಟ್ಟರು. ಎಲ್ಲ ಲೇಖನಗಳೂ ಸಿದ್ಧವಾಗಿ ಪುಟ ಜೋಡಿಸಲು ಹೊರಟಾಗ ಅಕ್ಕ ಹೊಸ್ತಿಲ ತನಕ ಬಂದು, "ಇದೊಂದರಲ್ಲಿ ನಾನು ಬೇಡ" ಎಂದರು. ಕಾರಣ ಹೇಳಲಿಲ್ಲ. ಪರಮೇಶ್ವರಯ್ಯನವರು ನನ್ನ ಕಡೆ ತಿರುಗಿ, "ತೆಗಿ ಶೈಲಾ" ಎಂದರು. ಕಂಪ್ಯೂಟರಿನಲ್ಲಿ ಒಂದು ಪದ ಕೊಟ್ಟರೆ ಅದು ಇರುವಲ್ಲೆಲ್ಲ ತೋರಿಸುವ ವ್ಯವಸ್ಥೆ ಇದೆ. ತುಂಗಕ್ಕ ಎಂದು ಬರೆದು ಹುಡುಕಿ, ಒಂದೊಂದೇ ಕಡೆ ಅವಳನ್ನೂ ಅವಳ ಮಾತನ್ನೂ ತೆಗೆದೆ. ಲೇಖನಗಳ ಬಾಲ ಕತ್ತರಿಸಿದ ಹಾಗಾಯಿತು. ಅವರು ಬೇರೆ ಬಾಲ ಕಟ್ಟಿಕೊಟ್ಟರು. ಕೊನೆಗೆ ಸ್ಕೇಲ್ ಇಟ್ಟು ಪೂರ್ತಿ ಓದಿದೆ. ಎಲ್ಲಿಯೂ ಇರಲಿಲ್ಲ.

ಪುಸ್ತಕ ಸುಳ್ಯದಲ್ಲಿ ಬಿಡುಗಡೆಯಾಯಿತು. ಓದಿದವರು ಅಭಿಪ್ರಾಯ ತಿಳಿಸಲಿ ಎಂದು ಪ್ರಕಾಶಕರು ಕೊನೆಯ ಪುಟದಲ್ಲಿ ನನ್ನ ವಾಟ್ಸಾಪ್ ನಂಬರ್ ಹಾಕಿಸಿದ್ದರು. ಪ್ರತಿಗಳು ಬೇಗ ಮುಗಿದು ಎರಡನೇ ಮುದ್ರಣದ ಮಾತು ಬಂದಾಗ, ಅದರ ಹಿಂಬದಿಗೆ 'ಓದುಗರ ಮಾತು' ಎಂದು ಕೆಲವು ಪುಟ ಸೇರಿಸುವುದೆಂದಾಯಿತು. ಜನ ಈಗ ಬರೆಯುವುದಿಲ್ಲ, ಫೋನಿಗೆ ಮಾತಾಡಿ ಕಳಿಸುತ್ತಾರೆ. ಆ ಮಾತುಗಳನ್ನು ಲೇಖಕರಿಗೆ ಕೇಳಿಸಿ, ಯಾವುದನ್ನು ಅಚ್ಚು ಹಾಕಬಹುದೆಂದು ಒಪ್ಪಿಗೆ ಪಡೆಯಲು ನಾನು ಆ ಬುಧವಾರ ಹೊರಟದ್ದು.

ಕಡಬದಲ್ಲಿ ಇಳಿದು ಕೋಡಿಂಬಾಳದ ಜೀಪು ಹಿಡಿದೆ. ಬಿಸಿಲು ಆಗಲೇ ಚುರುಕಾಗಿತ್ತು. ರಸ್ತೆಯ ಬದಿಗೆ ಬಿದ್ದ ಗೇರುಹಣ್ಣಿನ ಹುಳಿವಾಸನೆ ಜೀಪಿನೊಳಗೂ ಬರುತ್ತಿತ್ತು. ಪರಮೇಶ್ವರಯ್ಯನವರ ಮಗ ಕಡಬದ ತನ್ನ ಪೈಪಿನ ಅಂಗಡಿಗೆ ಹೋಗಿದ್ದ, ಸೊಸೆ ಶಾಲೆಯ ಕೆಲಸಕ್ಕೆ. ಪರಮೇಶ್ವರಯ್ಯನವರು ಜಗಲಿಯಲ್ಲಿ ಶೇವ್ ಮಾಡಿಸಿಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾದಿದ್ದರು. ಓದುಗರ ಅಭಿಪ್ರಾಯ ಕೇಳಲೆಂದೇ ಅಂಗಿ ಇಸ್ತ್ರಿ ಮಾಡಿಸಿದ್ದರು.

"ಹೊಗಳಿದ್ದನ್ನು ಕೊನೆಗೆ ಹಾಕು," ಎಂದರು. "ಮೊದಲು ಹೇಳು, ನಗಾಡಿದ್ರಾ ಇಲ್ವಾ?"

"ನೀವೇ ಕೇಳಿ ಸರ್."

ಫೋನನ್ನು ಅವರ ಕಿವಿಯ ಹತ್ತಿರದ ಸ್ಟೂಲಿನ ಮೇಲಿಟ್ಟು ಧ್ವನಿ ಏರಿಸಿದೆ. ಅಕ್ಕ ಒಳಗೆ ಹೊಸ್ತಿಲ ಬಳಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ನಾನು ಕೂತಲ್ಲಿಗೆ ಅವರ ನೆರಳು ಮತ್ತು ಬತ್ತಿ ಹೊಸೆಯುವ ಕೈ ಮಾತ್ರ ಕಾಣುತ್ತಿತ್ತು.

ಮೊದಲನೆಯದು ಕಾಲೇಜಿನ ಅಧ್ಯಾಪಕರೊಬ್ಬರದು. ವಿಡಂಬನೆಯ ಪರಂಪರೆ, ಸಾಮಾಜಿಕ ಪ್ರಜ್ಞೆ ಎಂದು ಉದ್ದಕ್ಕೆ ಮಾತಾಡಿದ್ದರು. ನಡುವೆ ಅವರ ಮನೆಯ ಮಿಕ್ಸಿ ತಿರುಗಿದ ಸದ್ದು.

"ಮಿಕ್ಸಿಯಲ್ಲಿ ಎಂತ ಅರೆಯುದಂತ ಗೊತ್ತಾಗಲಿಲ್ಲ," ಎಂದರು ಪರಮೇಶ್ವರಯ್ಯನವರು. "ಅವರು ಅರೆದದ್ದೂ ಗೊತ್ತಾಗಲಿಲ್ಲ. ಮುಂದಿನದ್ದು ಹಾಕು."

ಮುಂದಿನದು ಸುಳ್ಯದ ನಿವೃತ್ತ ಹೆಡ್‌ಮಾಸ್ಟರರದು. "ಪರಮೇಶ್ವರಯ್ಯನವರೇ, ನಮಸ್ಕಾರ. ಪುಸ್ತಕ ಲಾಯ್ಕ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಗಂಜಿಗೆ ಉಪ್ಪು ಹಾಕಲಿಕ್ಕೆ ಮರೆತ ಹಾಗೆ ಆಗಿದೆ. ತುಂಗಕ್ಕ ಎಲ್ಲಿಗೆ ಹೋದ್ರು ಮಾರಾಯ್ರೆ? ತವರಿಗಾ?"

ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು. ಮತ್ತೆ ಶುರುವಾಯಿತು.

ಆಮೇಲೆ ಬಂದದ್ದು ಹೆಚ್ಚೂ ಕಡಿಮೆ ಅದೇ. ಕಡಬದ ರಬ್ಬರ್ ವ್ಯಾಪಾರಿಯೊಬ್ಬರು ಹೇಳಿದ್ದರು, "ನಮ್ಮ ಮನೆಯಲ್ಲಿ ಪುಸ್ತಕ ಓದುದು ನನ್ನ ಹೆಂಡ್ತಿ. ಅವಳು ಕೊನೆ ಪುಟದಿಂದ ತುಂಗಕ್ಕನನ್ನು ಹುಡುಕ್ತಾ ಬಂದು, ಮುಖಪುಟಕ್ಕೆ ತಲುಪಿ, ಪುಸ್ತಕ ನನ್ನ ತಲೆಗೆ ಬಿಸಾಡಿದ್ಳು. ಇದಕ್ಕೆ ನೀವೇ ಜವಾಬ್ದಾರಿ." ಸುಳ್ಯದ ಮೆಡಿಕಲ್ ಕಾಲೇಜಿನ ಒಬ್ಬಳು ಹುಡುಗಿ, "ಅಜ್ಜಾ, ತುಂಗಜ್ಜಿ ಹುಷಾರಿದ್ದಾರಾ? ಬೇಜಾರದ ಸುದ್ದಿ ಇದ್ರೆ ಹೇಳ್ಬೇಡಿ" ಎಂದು ಕೇಳಿದ್ದಳು. ಪ್ರತಿಯೊಂದು ಧ್ವನಿಯೂ ಆ ಹೆಸರನ್ನು ಹೇಳುತ್ತಿತ್ತು. ಯಾರೋ ದೂರದೂರದಿಂದ ಬಂದು ಅಂಗಳದಲ್ಲಿ ನಿಂತು ಸರದಿಯಲ್ಲಿ ಕರೆದ ಹಾಗೆ. ಪ್ರತಿ ಸಲವೂ ಒಳಗಿನ ನೆರಳಿನ ತಲೆ ತುಸು ಎತ್ತುತ್ತಿತ್ತು. ಕರೆದರೆ ಓಗೊಡುವ ಅಭ್ಯಾಸ ಕುತ್ತಿಗೆಗೆ ಕೂತುಬಿಟ್ಟಿದೆ ಎಂದು ನನಗೆ ಕಂಡಿತು.

ನಿಲ್ಲಿಸಬೇಕೆನಿಸಿತು. ಆದರೆ ಪರಮೇಶ್ವರಯ್ಯನವರ ಮುಖ ಅರಳುತ್ತಿತ್ತು. ಕೈಯ ನಡುಕವೂ ಕಡಿಮೆಯಾದ ಹಾಗಿತ್ತು. "ಹಾಕು ಹಾಕು" ಎಂದರು.

ಗುತ್ತಿಗಾರಿನ ಒಬ್ಬ ಹೆಂಗಸಿನ ಮಾತು ಬಂತು. ಮನೆಯಲ್ಲಿ ಅದನ್ನು ಒಮ್ಮೆ ಕೇಳಿದ್ದೆ, ಪಾತ್ರೆ ತೊಳೆಯುತ್ತಾ ಅರ್ಧ ಕಿವಿಯಲ್ಲಿ. ಈಗ ಸರಿಯಾಗಿ ಕೇಳಿಸಿತು.

"ಆ ಜಗಲಿ ಪಾರ್ಲಿಮೆಂಟ್ ಅಂತ ಲೇಖನ ಉಂಟಲ್ಲ, ಅದರಲ್ಲಿ ಅಜ್ಜಂದಿರು ಎಲ್ಲ ಜಗಲಿಯಲ್ಲಿ ಕೂತು ದೇಶ ರಿಪೇರಿ ಮಾಡುದು. ಆಗ ತುಂಗಕ್ಕ ಒಳಗಿನಿಂದ, 'ಚಾ ಆಯ್ತು, ದೇಶ ಸರಿ ಆಯ್ತಾ?' ಅಂತ ಕೇಳ್ತಾರಲ್ಲ, ನಾನು ಬಸ್ಸಿನಲ್ಲಿ ಓದ್ತಾ ಇದ್ದೆ. ಒಬ್ಬಳೇ ನಗಾಡಿದ್ದು ನೋಡಿ ಹತ್ತಿರ ಕೂತವರು ಎದ್ದು ಬೇರೆ ಸೀಟಿಗೆ ಹೋದ್ರು."

ನಾನು ಫೋನು ನಿಲ್ಲಿಸಿದೆ. ಪರಮೇಶ್ವರಯ್ಯನವರೂ ನಾನೂ ಮುಖ ಮುಖ ನೋಡಿದೆವು.

"ಅದು ಉಂಟಾ ಪುಸ್ತಕದಲ್ಲಿ?" ಎಂದರು.

"ಇಲ್ಲ ಸರ್."

"ನೀನು ಒಂದು ಕಡೆ ತೆಗೆಯಲಿಕ್ಕೆ ಬಿಟ್ಟಿದ್ದೀಯೋ ಏನೋ. ನೋಡು."

ಲ್ಯಾಪ್‌ಟಾಪ್ ತೆರೆದೆ. ಅಚ್ಚಿಗೆ ಹೋದ ಕಡತದಲ್ಲಿ ಹೆಸರು ಕೊಟ್ಟು ಹುಡುಕಿದೆ. ಏನೂ ಸಿಗಲಿಲ್ಲ. ಚಾ ಎಂದು ಹುಡುಕಿದೆ, ದೇಶ ಎಂದು ಹುಡುಕಿದೆ. ಆ ಮಾತು ಎಲ್ಲಿಯೂ ಇರಲಿಲ್ಲ. ತೆಗೆಯುವ ಮೊದಲಿನ ಹಳೆಯ ಪ್ರತಿಯೂ ನನ್ನಲ್ಲಿತ್ತು. ಅದರಲ್ಲಿ ತುಂಗಕ್ಕ ಇದ್ದಳು, ಆದರೆ ಜಗಲಿ ಪಾರ್ಲಿಮೆಂಟಿನಲ್ಲಿ ಅವಳು ಆಡುವುದು ಬೇರೆಯೇ ಮಾತು, ಗಂಜಿ ತಣಿಯಿತು ಎಂಬ ಅರ್ಥದ್ದು. ಆ ಹೆಂಗಸು ನಕ್ಕ ಮಾತನ್ನು ಪರಮೇಶ್ವರಯ್ಯನವರು ಹೇಳಿಯೇ ಇರಲಿಲ್ಲ, ನಾನು ಟೈಪ್ ಮಾಡಿಯೇ ಇರಲಿಲ್ಲ.

ಆಗ ಒಳಗಿನಿಂದ ಅಕ್ಕ ಹೇಳಿದರು, "ಅದು ನಾನು ಹೇಳಿದ್ದು."

ಬತ್ತಿಯ ತಟ್ಟೆ ಬದಿಗಿಟ್ಟು ಅವರು ಎದ್ದು ನಿಂತಿದ್ದರು.

"ಎಂತ ಹೇಳಿದ್ದು?" ಎಂದರು ಪರಮೇಶ್ವರಯ್ಯನವರು.

"ನೀವು ಆ ಲೇಖನ ಶೈಲಾಗೆ ಹೇಳುವ ಮುಂಚಿನ ವಾರ. ನಿಮ್ಮ ದೋಸ್ತಿಗಳೆಲ್ಲ ಬಂದಿದ್ರಲ್ಲ, ಜಗಲಿಯಲ್ಲಿ ಬೊಬ್ಬೆ. ನಾನು ಅಡುಗೆಮನೆಯಲ್ಲಿ ಹೇಳಿದೆ, ಚಾ ಆಯ್ತು, ದೇಶ ಸರಿ ಆಯ್ತಾ ಅಂತ. ನಿಮಗೆ ಕೇಳಲಿಲ್ಲ. ಯಾರಿಗೂ ಕೇಳಲಿಲ್ಲ. ನನ್ನಷ್ಟಕ್ಕೆ ಹೇಳಿದ್ದು."

ಗುತ್ತಿಗಾರಿನ ಆ ಹೆಂಗಸು ಪರಿಚಯದವರೇ ಎಂದು ಕೇಳಿದೆ. ಇಬ್ಬರಿಗೂ ಗೊತ್ತಿಲ್ಲ. ಗುತ್ತಿಗಾರಿನಲ್ಲಿ ಅವರಿಗೆ ನೆಂಟರಿಷ್ಟರು ಯಾರೂ ಇಲ್ಲ. ಇನ್ನೊಂದೆರಡು ಮಾತು ಹಾಕಿ ನೋಡಿದೆ. ಬೆಳ್ಳಾರೆಯ ಒಬ್ಬರು ಅದೇ ಲೇಖನದಲ್ಲಿ ತುಂಗಕ್ಕ ಬಾಗಿಲ ಸಂದಿಯಿಂದ ಇಣುಕಿದ್ದನ್ನು ಮೆಚ್ಚಿದ್ದರು. ಮತ್ತೊಬ್ಬರಿಗೆ ಅವಳು ಕೆಮ್ಮಿದ್ದು ಕೇಳಿಸಿತ್ತು. ಅಚ್ಚಾದ ಪುಟದಲ್ಲಿ ಬಾಗಿಲೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಜಗಲಿಯ ಆಚೆಗೆ ಒಂದು ಮನೆ ಇದೆಯೆಂಬುದೂ ಅಲ್ಲಿರಲಿಲ್ಲ.

ಪರಮೇಶ್ವರಯ್ಯನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನೋಡಿದ್ಯಾ ಶೈಲಾ, ಇದು ಓದುಗರ ತೀರ್ಪು. ನಾವು ಕೋವಿಯಲ್ಲಿ ಹೊಡೆದ್ರೂ ಅವಳು ಸಾಯುದಿಲ್ಲ. ಎರಡನೇ ಮುದ್ರಣಕ್ಕೆ ಅವಳನ್ನು ವಾಪಸು ತರುವ. ಹಳೇ ಪ್ರತಿ ಉಂಟಲ್ಲ ನಿನ್ನ ಹತ್ತಿರ? ಆ ಚಾದ ಮಾತನ್ನೂ ಸೇರಿಸು. ಅದು ನನ್ನದಕ್ಕಿಂತ ಎಷ್ಟೋ ಲಾಯ್ಕ ಉಂಟು." ಮತ್ತೆ ಒಳಗೆ ತಿರುಗಿ, "ಕೇಳಿತಾ, ಆಗಬಹುದಲ್ಲ?" ಎಂದರು. ಅವರ ಧ್ವನಿಯಲ್ಲಿ ನಿಜವಾದ ಸಂತೋಷವಿತ್ತು. ಹೆಂಡತಿಗೆ ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆಂದೇ ಅವರು ತಿಳಿದಿದ್ದರು.

ಅಕ್ಕ ಹೊಸ್ತಿಲು ದಾಟಿ ಜಗಲಿಗೆ ಬಂದರು. ನಾನು ಆ ಮನೆಗೆ ಹೋಗತೊಡಗಿದ ಮೇಲೆ, ಗಂಡಸರ ಆ ಜಗಲಿಯಲ್ಲಿ ಅವರು ಕೂತದ್ದನ್ನು ಅದೇ ಮೊದಲು ನೋಡಿದ್ದು. ಕಂಬಕ್ಕೆ ಒರಗಿ, ಸೆರಗನ್ನು ಮಡಿಲಲ್ಲಿ ಮಡಚಿಕೊಂಡು ಕೂತರು.

"ನನ್ನ ಅಣ್ಣ ತೀರಿಹೋದ್ದು ನೆನಪುಂಟಾ ನಿಮಗೆ?"

"ಉಂಟು. ಮತ್ತೆ ಮರೆಯುದುಂಟಾ?"

"ಶ್ರಾದ್ಧದ ಊಟಕ್ಕೆ ಕೂತಿದ್ದೆವು. ಬಡಿಸುವವರು ಪಾಯಸ ತಂದ್ರು. ನನಗೆ ಗಂಟಲಲ್ಲಿ ಇಳಿಯುವ ಹಾಗೆ ಇರಲಿಲ್ಲ, ಬೇಡ ಅಂತ ಹೇಳಿದೆ. ಅಷ್ಟೇ. ಎದುರಿನ ಸಾಲಿನಲ್ಲಿ ಒಬ್ಬರು, 'ತುಂಗಕ್ಕನಿಗೆ ಪಾಯಸ ಬೇಡವಂತೆ' ಅಂತ ಹೇಳಿದ್ರು. ಇಡೀ ಪಂಕ್ತಿ ನಗಾಡಿತು. ನನಗೆ ಅಳು ಬಂತು. ಅಳುದು ನೋಡಿ ಇನ್ನೂ ನಗಾಡಿದ್ರು, ತಮಾಷೆಗೆ ಮಾಡ್ತಾ ಇದ್ದೇನೆ ಅಂತ." ಅವರು ಕಂಬದ ಬುಡದ ಒಂದು ಇರುವೆಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಬದಿಗೆ ಸರಿಸಿದರು. "ಅವರ ತಪ್ಪಲ್ಲ. ಅವರಿಗೆ ಅವಳೇ ಗೊತ್ತಿರುದು. ಅವಳಿಗೆ ಅಣ್ಣ ಇಲ್ಲ. ನೀವು ಬರೆಯಲಿಲ್ಲ."

ಪರಮೇಶ್ವರಯ್ಯನವರು ಸ್ಟೂಲಿನ ಮೇಲಿದ್ದ ಫೋನನ್ನು ಕವುಚಿ ಇಟ್ಟರು. ಅಕ್ಕ ಮುಂದುವರಿಸಿದರು.

"ನಾಳೆ ನಾನು ಹೋದ್ರೆ ಪೇಪರಿನಲ್ಲಿ ಎಂತ ಬರ್ತದೆ ಹೇಳಿ. ತುಂಗಕ್ಕ ಇನ್ನಿಲ್ಲ ಅಂತ ಬರ್ತದೆ. ಜನ ಬರ್ತಾರೆ, ಅವಳ ಮಾತು ಹೇಳಿಕೊಂಡು ನಗಾಡ್ತಾರೆ, ಊಟ ಮಾಡಿ ಹೋಗ್ತಾರೆ. ನಾನು ಹೋದ್ದು ಯಾರಿಗೂ ಗೊತ್ತೇ ಆಗುದಿಲ್ಲ. ಅದಕ್ಕೇ ಒಂದು ಪುಸ್ತಕದಲ್ಲಿ ಆದ್ರೂ ಬೇಡ ಅಂತ ಹೇಳಿದ್ದು. ಅವಳು ಹೋದ ಮೇಲೆ ಸ್ವಲ್ಪ ದಿನ ನಾನು ಇರ್ಬೇಕು ಅಂತ. ಈಗ ನೋಡಿದ್ರೆ ತೆಗೆದ್ರೂ ಹೋಗುದಿಲ್ಲ ಅವಳು. ನಾನು ಒಳಗೆ ಒಬ್ಬಳೇ ಆಡಿದ್ದೂ ಅವಳ ಬಾಯಿಗೇ ಹೋಯ್ತಲ್ಲ."

ಈ ಕೊನೆಯ ಮಾತನ್ನು ಅವರು ದೂರಿನಂತೆ ಹೇಳಲಿಲ್ಲ. ಕೊಟ್ಟಿಗೆಯ ಕಡೆಯಿಂದ ಏನೋ ಸದ್ದಾಯಿತು ಎಂದು ಹೇಳುವಷ್ಟೇ ಮೆಲ್ಲಗೆ ಹೇಳಿದರು. ನನಗೆ ಮಾತ್ರ ಆಗ ಮನೆಯ ಒಳಗೆ, ಅವರು ಎದ್ದು ಬಂದ ಹೊಸ್ತಿಲ ಕಡೆ ನೋಡಲು ಅಂಜಿಕೆಯಾಯಿತು. ನೋಡಿದೆ. ಬತ್ತಿಯ ತಟ್ಟೆ, ಹತ್ತಿಯ ಉಂಡೆ, ಗೋಡೆಯ ಮೇಲೆ ಕಿಟಕಿಯ ಬಿಸಿಲು. ಅಷ್ಟೇ ಇದ್ದದ್ದು.

ಪರಮೇಶ್ವರಯ್ಯನವರು, "ಪುಸ್ತಕ ಈಗ ಇದ್ದ ಹಾಗೇ ಇರಲಿ ಶೈಲಾ," ಎಂದರು. "ಅವಳನ್ನು ತರುದು ಬೇಡ." ಮತ್ತೆ ಸ್ವಲ್ಪ ಯೋಚಿಸಿ, "ಅರ್ಪಣೆಯ ಪುಟ ಖಾಲಿ ಉಂಟಲ್ಲ?"

ಪುಸ್ತಕದ ಶುರುವಿನಲ್ಲಿ ಯಾರಿಗಾದರೂ ಅರ್ಪಿಸಲು ಒಂದು ಪುಟ ಬಿಡುವುದು ಕ್ರಮ. ಮೊದಲ ಮುದ್ರಣದಲ್ಲಿ ಅವರು ಯಾರ ಹೆಸರನ್ನೂ ಕೊಟ್ಟಿರಲಿಲ್ಲ. ಉಂಟು ಎಂದೆ.

"ಅದರಲ್ಲಿ ಇವಳ ಹೆಸರು ಹಾಕು. ಇವಳ ನಿಜವಾದ ಹೆಸರು. ಬರ್ಕೊ."

ಪುಟ ತೆರೆದು, ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದೆ. ಅವರು ಗಂಟಲು ಸರಿಮಾಡಿಕೊಂಡರು. ಜೀವಮಾನದಲ್ಲಿ ಹೇಳದ ಹೆಸರು, ಮುಜುಗರ ಇರಬೇಕೆಂದು ನಾನು ಮುಖ ತಗ್ಗಿಸಿಯೇ ಇದ್ದೆ. ತುಟಿ ಅಲುಗಿತು. ಅವರು ಅಕ್ಕನನ್ನು ನೋಡಿದರು, ಅಂಗಳವನ್ನು ನೋಡಿದರು. ಆಮೇಲೆ ಸ್ಪಷ್ಟವಾಗಿ ಹೇಳಿದರು.

"ತುಂಗ."

ಹೇಳಿದ ಮೇಲೆಯೇ ಅವರಿಗೆ ಅದು ಕೇಳಿಸಿದ್ದು. ಮುಖದ ಬಣ್ಣ ಹೋಯಿತು. ಸರ್ವೆಯ ಕಲ್ಲು ಇದ್ದ ಜಾಗಕ್ಕೆ ನೆಟ್ಟಗೆ ನಡೆದು ಹೋಗಿ, ಅಲ್ಲಿ ಕಲ್ಲಿಲ್ಲದ್ದನ್ನು ಕಂಡವರ ಹಾಗೆ ಎದುರಿನ ನೆಲವನ್ನೇ ನೋಡುತ್ತಾ ಕೂತರು. ಬಾಯಿ ತೆರೆದರು, ಮುಚ್ಚಿದರು. ಹೆಸರು ಸಿಗುತ್ತಿರಲಿಲ್ಲ. ಹೇಳದೆ ಹೇಳದೆ ಅದು ಎಲ್ಲಿ ಹೋಗಿತ್ತೋ.

ಅಕ್ಕ ಅವರನ್ನು ನೋಡಿದರು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ನನ್ನ ಕಡೆ ತಿರುಗಿ, ರೇಶನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಹೇಳುವ ಹಾಗೆ ಹೇಳಿದರು.

"ದೇವಕಿ. ಬರ್ಕೊ ಶೈಲಾ. ದೇವಕಿ."

ಬರೆದೆ. ಬಿಳಿ ಪುಟದ ನಡುವೆ ಆ ಮೂರು ಅಕ್ಷರ ಬಹಳ ಸಣ್ಣದಾಗಿ ಕಂಡವು. ಅಕ್ಷರದ ಗಾತ್ರ ಹೆಚ್ಚಿಸಿದೆ.

"ದೇವಕಿ," ಎಂದರು ಪರಮೇಶ್ವರಯ್ಯನವರು. ಹೊಸದಾಗಿ ಓದಲು ಕಲಿತವರು ಫಲಕ ಓದುವ ಹಾಗೆ, ಒಂದೊಂದೇ ಅಕ್ಷರವಾಗಿ. ಅಕ್ಕ ತಟಕ್ಕನೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, "ಆಯ್ತು, ಸಾಕು. ಊಟಕ್ಕೆ ಏಳಿ," ಎಂದು ಒಳಗೆ ನಡೆದರು. ಕನ್ನಡಕ ತೆಗೆದು ಒರೆಸಿದರೋ ಕಣ್ಣು ಒರೆಸಿದರೋ ನನಗೆ ಹಿಂದಿನಿಂದ ಕಾಣಲಿಲ್ಲ.

ಊಟದ ಹೊತ್ತಿಗೆ ನಾನು ಕೇಳಿದೆ, ಓದುಗರ ಮಾತುಗಳಲ್ಲಿ ತುಂಗಕ್ಕನ ಹೆಸರು ಬರುವಲ್ಲೆಲ್ಲ ತೆಗೆಯಬೇಕೇ ಎಂದು. "ಅದು ಬೇಡ," ಎಂದರು ದೇವಕಿ ಅಕ್ಕ. ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹೊಯ್ಯುತ್ತಾ, "ಅವರಿಗೆ ಕಂಡದ್ದು ಅವರು ಹೇಳಿದ್ದಾರೆ. ಅವರ ಬಾಯಿಗೆ ಕೈ ಅಡ್ಡ ಹಿಡಿಯುದು ಯಾಕೆ? ಶುರುವಿನ ಪುಟದಲ್ಲಿ ನಾನೊಬ್ಬಳು ಇದ್ರೆ ಸಾಕು," ಎಂದರು. ಪರಮೇಶ್ವರಯ್ಯನವರು ತಲೆ ಎತ್ತದೆ ಉಣ್ಣುತ್ತಿದ್ದರು. ಮಜ್ಜಿಗೆಯ ಹೊತ್ತಿಗೆ ಅವರ ತುಟಿ ಸದ್ದಿಲ್ಲದೆ ಅಲುಗುವುದು ಕಂಡಿತು. ಪಾಠ ಮರೆಯದಿರಲೆಂದು ಮಕ್ಕಳು ಬಾಯಿಪಾಠ ಮಾಡುತ್ತಾರಲ್ಲ, ಹಾಗೆ.

ಬಸ್ಸಿನಲ್ಲಿ ಬರುವಾಗ ಪುಸ್ತಕ ತೆರೆದು ಜಗಲಿ ಪಾರ್ಲಿಮೆಂಟನ್ನು ಮತ್ತೊಮ್ಮೆ ಓದಿದೆ. ಸ್ಕೇಲ್ ತಂದಿರಲಿಲ್ಲ, ಟಿಕೆಟನ್ನೇ ಸಾಲಿನ ಕೆಳಗಿಟ್ಟು ಓದಿದೆ. ಕೊನೆಯ ಪರಿಚ್ಛೇದಕ್ಕೆ ಬಂದಾಗ, ಅಜ್ಜಂದಿರೆಲ್ಲ ಒಮ್ಮೆ ಮಾತು ನಿಲ್ಲಿಸಿದ ಆ ಜಾಗದಲ್ಲಿ, ನನಗೂ ಒಳಗಿನಿಂದ ಲೋಟದ ಸದ್ದು ಕೇಳಿಸಿದ ಹಾಗಾಯಿತು. ಟಿಕೆಟನ್ನು ಒತ್ತಿ ಹಿಡಿದು ಅದೇ ಸಾಲನ್ನು ಮತ್ತೆ ಓದಿದೆ. ಇರಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

ಆಮೇಲೆ ಎಷ್ಟೋ ಪುಸ್ತಕಗಳ ಕರಡು ತಿದ್ದಿದ್ದೇನೆ. ಪುಟದಲ್ಲಿ ಇರುವ ತಪ್ಪನ್ನು ಹುಡುಕುವುದು ಈ ಕೆಲಸದ ಸುಲಭದ ಭಾಗ ಎಂದು ಆ ದಿನದಿಂದ ತಿಳಿದಿದ್ದೇನೆ. ಇಲ್ಲದ್ದನ್ನು ಇದೆಯೆಂದು ಓದಿಸುವ ಅಭ್ಯಾಸವೇ, ಎದುರಿಗೆ ಇರುವವರನ್ನು ಕಾಣದ ಹಾಗೆಯೂ ಮಾಡುತ್ತದೆ, ಅದಕ್ಕೆ ಕರಡಿನಲ್ಲಿ ಹಾಕುವ ಯಾವ ಗುರುತೂ ಇಲ್ಲ. ಹಾಗಾಗಿ ಹೊಸ ಲೇಖಕರ ಮನೆಗೆ ಹೋದರೆ ಈಗ ನಾನು ಮೊದಲು ಅಡುಗೆಮನೆಯ ತನಕ ಹೋಗಿ, ಒಳಗಿರುವವರ ಹೆಸರು ಕೇಳಿ ಬರುತ್ತೇನೆ. ಕೆಲವರು ನಾಚುತ್ತಾರೆ. ಒಬ್ಬರು ಹೇಳುವ ಮುಂಚೆ ಸ್ವಲ್ಪ ಹೊತ್ತು ಯೋಚಿಸಿದ್ದರು.

ಆ ದಿನ ಮನೆ ತಲುಪುವಾಗ ಸಂಜೆಯಾಗಿತ್ತು. ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಹೋದೆ. ಜಯಂತಿ ಗೋಡೆಯಾಚೆ ಹೂವಿನ ಗಿಡಗಳಿಗೆ ನೀರು ಬಿಡುತ್ತಿದ್ದಳು.

"ಈಗ ಬಂದದ್ದಾ? ಎಂತ ಹೇಳಿದ್ರು ತುಂ..."

"ದೇವಕಿ ಅಕ್ಕ ಊಟ ಮಾಡಿಸದೆ ಬಿಡಲಿಲ್ಲ," ಎಂದೆ. ಆ ಹೆಸರನ್ನು ಹೊರಗೆ ಒಬ್ಬರಾದರೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಅದು ಯಾರು ದೇವಕಿ ಅಕ್ಕ?"

"ಪರಮೇಶ್ವರಯ್ಯನವರ ಹೆಂಡತಿ."

ಜಯಂತಿ ಪೈಪನ್ನು ಮುಂದಿನ ಗಿಡದ ಬುಡಕ್ಕೆ ಸರಿಸಿದಳು.

"ಹೌದಾ? ತುಂಗಕ್ಕ ಇರುವಾಗಲೇ ಇನ್ನೊಂದು ಮದುವೆಯಾ ಮಾರಾಯ್ರೆ?" ಎಂದಳು.